ಮುಂದಿನ ವರ್ಷದ ಸಮುದ್ರ

ಮಧ್ಯಮ ವರ್ಗದ ಸಂಸಾರಗಳಲ್ಲಿ ಪ್ರವಾಸವು ಮೊದಲು ನಡೆಯುವುದು ಕಾಗದದ ಮೇಲೆ. ಎಷ್ಟೋ ವೇಳೆ ಅದು ಅಲ್ಲಿಯೇ ಮುಗಿದೂ ಹೋಗುತ್ತದೆ. ತಿಂಗಳ ಮೊದಲ ವಾರದಲ್ಲಿ ಉತ್ಸಾಹದಿಂದ ಬರೆದ ಪಟ್ಟಿಯು ಮೂರನೆಯ ವಾರದ ಹೊತ್ತಿಗೆ ಹಾಲಿನವನ ಲೆಕ್ಕದ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ತಿಂಗಳ ಕೊನೆಗೆ ಅದರ ಬೆನ್ನ ಮೇಲೆ ದಿನಸಿಯ ಪಟ್ಟಿ ಮೂಡುತ್ತದೆ. ಹೀಗೆ ಮುಗಿದ ಪ್ರವಾಸಗಳಿಗೆಲ್ಲ ಒಂದೇ ಹೆಸರು: ‘ಮುಂದಿನ ವರ್ಷ’.

ಕೊಳ್ಳೇಗಾಲದ ಒಬ್ಬ ಪ್ರೌಢಶಾಲಾ ಉಪಾಧ್ಯಾಯರ ಮನೆಯಲ್ಲಿ ಈ ‘ಮುಂದಿನ ವರ್ಷ’ಕ್ಕೆ ಅರ್ಧ ಶತಮಾನದಷ್ಟು ವಯಸ್ಸಾಗಿತ್ತು. ಮೇಷ್ಟರ ತಾಯಿ ಹನೂರಿನ ಕಡೆಯವರು. ಮದುವೆಯಾದ ಹೊಸದರಲ್ಲಿ ಅವರ ಯಜಮಾನರು ಸಮುದ್ರವನ್ನು ತೋರಿಸುವೆನೆಂದು ಮಾತು ಕೊಟ್ಟಿದ್ದರು. ಆ ವರ್ಷ ನಾದಿನಿಯ ಮದುವೆ ಬಂದಿತು. ಮರುವರ್ಷ ಮನೆಯ ಹೆಂಚು ಬದಲಾಯಿಸಬೇಕಾಯಿತು. ಅನಂತರ ಮಕ್ಕಳ ಓದು, ಬಾಣಂತನ, ಕಾಯಿಲೆ. ಮಾತು ಕೊಟ್ಟವರು ತೀರಿಕೊಂಡು ಹನ್ನೆರಡು ವರ್ಷಗಳಾದವು. ಎಪ್ಪತ್ತಾರರ ಅಜ್ಜಿಯ ಮಂಡಿಗಳು ಈಗ ಮೆಟ್ಟಿಲನ್ನು ಕಂಡರೆ ಮುನಿಯುತ್ತವೆ. ಆದರೂ ಸಮುದ್ರದ ಮಾತು ಬಂದಾಗ ಆಕೆ ಹೂ ಕಟ್ಟುತ್ತಿದ್ದ ಕೈಯನ್ನು ಒಂದು ಕ್ಷಣ ನಿಲ್ಲಿಸುವುದುಂಟು. ಇದನ್ನು ಗಮನಿಸಿದವರು ಮಗನಲ್ಲ, ಸೊಸೆ.

ಸೊಸೆ ಯಳಂದೂರಿನ ಹೆಣ್ಣು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುತ್ತಿದ್ದು, ‘ಹದಿಬದೆಯ ಧರ್ಮ’ವನ್ನು ಬರೆದ ಹೊನ್ನಮ್ಮನ ಊರು ಅದು. ಈ ಮನೆಯಲ್ಲಿಯೂ ಸಂಚಿಯನ್ನು ಹಿಡಿದವರು ಯಳಂದೂರಿನವರೇ. ವ್ಯತ್ಯಾಸವೆಂದರೆ, ಇವರ ಸಂಚಿಯಲ್ಲಿ ಎಲೆಯಡಕೆಗೆ ಬದಲಾಗಿ ಮನೆಯ ಹಣ ಇರುತ್ತದೆ. ಎರಡು ವರ್ಷ ಸೀರೆಯ ಮಾತೆತ್ತದೆ ಅವರು ಅದರಲ್ಲಿ ಹದಿನೈದು ಸಾವಿರ ರೂಪಾಯಿ ಕೂಡಿಟ್ಟಿದ್ದರು.

“ಈ ಸಲ ಹೊರಟೇಬಿಡೋಣ ಕಣ್ರೀ” ಎಂದರು ಅವರು.

ಅಜ್ಜಿ ಕೂಡಲೆ ತಡೆದರು. “ನಂಗ್ಯಾಕಪ್ಪ ಸಮುದ್ರ? ಆ ದುಡ್ಡಲ್ಲಿ ಮಗೀಗೊಂದು ಸರ ಮಾಡ್ಸು. ಬದುಕಿದ್ರೆ ಮುಂದಿನ ವರ್ಷ ನೋಡಾಣ.”

“ಅತ್ತೆ ಮುಂದಿನ ವರ್ಷ ಅಂದರೆ ಬೇಡ ಅಂತಲ್ಲ. ಕೇಳೋಕೆ ಸಂಕೋಚ, ಅಷ್ಟೆ” ಎಂದು ಸೊಸೆ ಒಳಗೆ ಹೋಗಿ ಲೆಕ್ಕದ ಪುಸ್ತಕವನ್ನು ತಂದರು.

ಯಾವ ಸಮುದ್ರವೆಂಬುದನ್ನು ಗೊತ್ತುಮಾಡಿದವಳು ಮಗಳು. ಆಕೆ ಮೈಸೂರಿನಲ್ಲಿ ಬಿ.ಎ. ಓದುತ್ತ ಫ್ರೆಂಚ್ ಭಾಷೆಯನ್ನು ಆರಿಸಿಕೊಂಡಿದ್ದಾಳೆ. ಮಂಗಳೂರಿನ ಕಡಲಿನಲ್ಲಿ ಸೂರ್ಯ ಮುಳುಗುತ್ತಾನೆ. ಪುದುಚೇರಿಯ ಕಡಲಿನಲ್ಲಿ ಹುಟ್ಟುತ್ತಾನೆ. ಬೀದಿಯ ಹೆಸರುಗಳನ್ನು ಫ್ರೆಂಚ್‌ನಲ್ಲಿಯೂ ತಮಿಳಿನಲ್ಲಿಯೂ ಬರೆದಿರುವ ಊರು ಅದು. ಅಜ್ಜಿಗೆ ಸೂರ್ಯೋದಯ, ಮೊಮ್ಮಗಳಿಗೆ ಫ್ರೆಂಚ್ ಎಂಬ ಈ ವಾದಕ್ಕೆ ಎದುರು ಹೇಳುವವರಿರಲಿಲ್ಲ.

ಕೊಳ್ಳೇಗಾಲದವರಿಗೆ ಆ ಊರು ತೀರ ಪರಕೀಯವೂ ಅಲ್ಲ. ಕೊಳ್ಳೇಗಾಲ ತಾಲ್ಲೂಕು ೧೯೫೬ರ ನವೆಂಬರ್ ೧ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನದು. ಪುದುಚೇರಿಯ ಆಡಳಿತವು ಫ್ರೆಂಚರ ಕೈಯಿಂದ ಭಾರತಕ್ಕೆ ಬಂದದ್ದೂ ನವೆಂಬರ್ ೧ರಂದೇ, ಎರಡು ವರ್ಷ ಮೊದಲು, ೧೯೫೪ರಲ್ಲಿ. ಕಾನೂನಿನ ದೃಷ್ಟಿಯಿಂದ ಆ ಹಸ್ತಾಂತರವು ಪೂರ್ಣವಾಗಲು ೧೯೬೨ರ ಆಗಸ್ಟ್ ೧೬ರವರೆಗೆ ಕಾಯಬೇಕಾಯಿತು. ಒಂದೇ ತಾರೀಖಿನಲ್ಲಿ ಯಜಮಾನರನ್ನು ಬದಲಾಯಿಸಿದ ಎರಡು ಊರುಗಳು ಒಂದನ್ನೊಂದು ನೋಡಿಬರುವುದರಲ್ಲಿ ತಪ್ಪೇನಿದೆ ಎಂದು ಮೇಷ್ಟರು ಸಮಾಜಪಾಠದ ಧಾಟಿಯಲ್ಲಿ ವಿವರಿಸಿದರು.

ಮೊದಲ ಪ್ರಶ್ನೆ, ಹೋಗುವುದು ಯಾವಾಗ? ಪುದುಚೇರಿಯಲ್ಲಿ ಕೋಣೆಯ ಬಾಡಿಗೆಯು ಪಂಚಾಂಗದ ಮೇಲೆ ನಿಂತಿದೆ. ಶನಿವಾರ ಭಾನುವಾರಗಳಲ್ಲಿ ಬೆಂಗಳೂರು, ಚೆನ್ನೈಗಳ ಜನ ಬಂದಿಳಿಯುತ್ತಾರೆ. ಹೊಸ ವರ್ಷದ ವಾರವನ್ನು ಕೇಳುವುದೇ ಬೇಡ. ಜುಲೈ ೧೪ರ ಫ್ರೆಂಚ್ ರಾಷ್ಟ್ರೀಯ ದಿನದಂದು ಅಲ್ಲಿ ಸಂಭ್ರಮ. ಫೆಬ್ರವರಿ ೨೧, ಏಪ್ರಿಲ್ ೨೪, ಆಗಸ್ಟ್ ೧೫, ನವೆಂಬರ್ ೨೪ ಶ್ರೀ ಅರವಿಂದಾಶ್ರಮದ ದರ್ಶನದ ದಿನಗಳು. ಆಗ ಭಕ್ತರ ದಟ್ಟಣೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯದ ಮಳೆ, ನಡುನಡುವೆ ಚಂಡಮಾರುತ. ಇವನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿದದ್ದು ಸಂಕ್ರಾಂತಿಯ ಮರುವಾರದ ಸೋಮವಾರ ಮತ್ತು ಮಂಗಳವಾರ. ಮೇಷ್ಟರು ಮೂರು ದಿನದ ಸಾಂದರ್ಭಿಕ ರಜೆಗೆ ಅರ್ಜಿ ಬರೆದರು.

ಎರಡನೆಯ ಪ್ರಶ್ನೆ ದಾರಿಯದು. ಕೊಳ್ಳೇಗಾಲಕ್ಕೆ ರೈಲಿಲ್ಲ. ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟ, ಅಲ್ಲಿಂದ ಪಾಲಾರ್, ಮೆಟ್ಟೂರು, ಸೇಲಂ ಮುಟ್ಟಿ ಪುದುಚೇರಿಗೆ ಇಳಿಯಬಹುದು. ಅಜ್ಜಿಯ ಮತ ಈ ದಾರಿಗೇ. ದಾರಿಯಲ್ಲಿ ಮಾದಪ್ಪನ ದರ್ಶನವಾಗುತ್ತದೆ; ಅಲ್ಲದೆ ೨೦೨೩ರ ಜೂನ್ ೧೧ರಂದು ಆರಂಭವಾದ ‘ಶಕ್ತಿ’ ಯೋಜನೆಯ ಕೃಪೆಯಿಂದ ಬೆಟ್ಟದವರೆಗೆ ಮೂವರು ಹೆಂಗಸರಿಗೂ ಟಿಕೇಟಿಗೆ ಹಣವಿಲ್ಲ. ಆದರೆ ಸೊಸೆ ಪುಸ್ತಕದಲ್ಲಿ ರೂಪಾಯಿಯ ಪಕ್ಕದಲ್ಲಿ ಇನ್ನೊಂದು ಅಂಕಣವನ್ನು ಗೆರೆ ಹಾಕಿದ್ದರು: ‘ಹತ್ತಿ ಇಳಿಯುವುದು’. ಬೆಟ್ಟದ ದಾರಿಯಲ್ಲಿ ನಾಲ್ಕು ಬಸ್ಸುಗಳು. ಬೆಂಗಳೂರಿನ ದಾರಿಯಲ್ಲಿ ಎರಡೇ. ನಡುವೆ ತಮ್ಮನ ಮನೆಯಲ್ಲಿ ಊಟ, ವಿಶ್ರಾಂತಿ, ಆಮೇಲೆ ರಾತ್ರಿಯ ಬಸ್ಸು. ಮಾದಪ್ಪನಿಗೆ ಮುಡಿಪು ಕಟ್ಟಿಡುವುದೆಂದು ಒಪ್ಪಂದವಾಯಿತು. ಬೆಂಗಳೂರಿನವರೆಗೂ ಹೆಂಗಸರಿಗೆ ಟಿಕೇಟಿಲ್ಲವೆಂದು ತಿಳಿದಾಗ ಅಜ್ಜಿಯ ಮುಖವೂ ಅರಳಿತು.

ಇನ್ನು ಕೋಣೆ. ವಾದವಿವಾದ ನಡೆದದ್ದು ಇಲ್ಲಿಯೇ. ಅದು ತಿಳಿಯಬೇಕಾದರೆ ಊರಿನ ಅಂಗರಚನೆ ಸ್ವಲ್ಪ ಗೊತ್ತಿರಬೇಕು.

ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯವರು ಅಲ್ಲಿ ನೆಲೆಯೂರಿದ್ದು ೧೬೭೪ರಲ್ಲಿ. ೧೬೯೩ರಲ್ಲಿ ಡಚ್ಚರು ಊರನ್ನು ಕಿತ್ತುಕೊಂಡು ೧೬೯೯ರಲ್ಲಿ ಹಿಂದಿರುಗಿಸಿದರು. ಆರು ವರ್ಷದ ಆ ಯಜಮಾನಿಕೆಯಲ್ಲಿ ಅವರು ಚದುರಂಗದ ಮಣೆಯಂತೆ ನೇರವಾದ ಬೀದಿಗಳ ನಕ್ಷೆಯನ್ನು ಹಾಕಿದರು. ೧೭೬೧ರಲ್ಲಿ ಇಂಗ್ಲಿಷರು ಊರನ್ನು ನೆಲಸಮ ಮಾಡಿದಾಗ ಮನೆಗಳು ಬಿದ್ದವು, ಗೆರೆಗಳು ಉಳಿದವು. ಇಂದಿಗೂ ಆ ಭಾಗದಲ್ಲಿ ಅಡ್ಡಬೀದಿಯನ್ನು ಹಿಡಿದು ಪೂರ್ವಕ್ಕೆ ನಡೆದರೆ ಕಡಲು ಸಿಗುತ್ತದೆ. ನಡುವೆ ದಕ್ಷಿಣೋತ್ತರವಾಗಿ ಒಂದು ಕಾಲುವೆ. ಅದರ ಪೂರ್ವಕ್ಕೆ ಹಳದಿ, ಬಿಳಿ ಗೋಡೆಗಳ ಫ್ರೆಂಚರ ಪೇಟೆ. ಪಶ್ಚಿಮಕ್ಕೆ ಜಗಲಿ ಕಂಬಗಳ ತಮಿಳರ ಪೇಟೆ. ಕಾಲುವೆಯನ್ನು ದಾಟಿದೊಡನೆ ಬಾಡಿಗೆಯೂ ಒಂದು ಮೆಟ್ಟಿಲು ಏರುತ್ತದೆ.

ಮಗಳು ಫ್ರೆಂಚರ ಪೇಟೆಯ ಒಂದು ಹಳೆಯ ಸೌಧವನ್ನು ಆರಿಸಿದಳು. ರಾತ್ರಿಗೆ ಆರುಸಾವಿರದ ಐನೂರು. ಮೇಷ್ಟರು ಕನ್ನಡಕವನ್ನು ತೆಗೆದು ಒರೆಸಿಕೊಂಡರು. ಅಜ್ಜಿ, “ಅಲ್ಲಿ ಛತ್ರ ಇಲ್ವಾ?” ಎಂದರು. ಛತ್ರಕ್ಕೆ ಸಮೀಪವೆನ್ನಬಹುದಾದ್ದು ಆಶ್ರಮದ ಅತಿಥಿಗೃಹಗಳು. ಬಾಡಿಗೆ ಮಿತವಾದದ್ದು, ಮದ್ಯಪಾನ, ಧೂಮಪಾನ ನಿಷಿದ್ಧ, ರಾತ್ರಿ ನಿಯತವಾದ ಹೊತ್ತಿಗೆ ಬಾಗಿಲು ಹಾಕುತ್ತಾರೆ. ಈ ನಿಯಮಗಳಿಂದ ಈ ಸಂಸಾರಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅಜ್ಜಿ ಬೇರೆ ಕೋಣೆಯಲ್ಲಿ ಮಲಗಲಾರರು, ಎರಡು ಕೋಣೆಗೆ ಸಂಚಿ ಒಪ್ಪದು. ನಾಲ್ವರಿಗೂ ಒಂದೇ ಕೋಣೆ ಬೇಕಾಗಿತ್ತು.

ಮೇಷ್ಟರು ಕೊನೆಗೆ ವಿಜಯದ ಮುಖಮುದ್ರೆಯಿಂದ ಬಸ್ ನಿಲ್ದಾಣದ ಹತ್ತಿರದ ಒಂದು ವಸತಿಗೃಹವನ್ನು ಹುಡುಕಿದರು. ಹೆಚ್ಚುವರಿ ಹಾಸಿಗೆಯೂ ಸೇರಿ ರಾತ್ರಿಗೆ ಸಾವಿರದ ಐನೂರು. ಕಾಲುವೆಯ ಪಶ್ಚಿಮದ ದಂಡೆಯಲ್ಲಿ ಹಳೆಯ ಮನೆಯೊಂದರ ನೆಲಮಹಡಿಯಲ್ಲಿ ಇನ್ನೊಂದು ಕೋಣೆಯಿತ್ತು. ಅದಕ್ಕೆ ನಾಲ್ವರಿಗೆ ಎರಡು ಸಾವಿರ.

“ಐನೂರು ರೂಪಾಯಿ ಯಾಕೆ ಹೆಚ್ಚು ಕೊಡಬೇಕು?” ಎಂದರು ಮೇಷ್ಟರು.

“ಸಮುದ್ರಕ್ಕೆ ಹೋಗೋದು ಹೇಗೆ?” ಎಂದರು ಹೆಂಡತಿ.

ಬಸ್ ನಿಲ್ದಾಣದಿಂದ ಕಡಲು ಸುಮಾರು ಎರಡು ಕಿಲೋಮೀಟರು. ಬೆಳಗಿನ ಸೂರ್ಯೋದಯಕ್ಕೆ ಹೋಗಿ ಬರಬೇಕು, ಸಂಜೆಯ ಗಾಳಿಗೆ ಹೋಗಿ ಬರಬೇಕು. ದಿನಕ್ಕೆ ನಾಲ್ಕು ಆಟೋ, ಎರಡು ದಿನಕ್ಕೆ ಎಂಟು. ಒಂದಕ್ಕೆ ನೂರೈವತ್ತರಂತೆ ಸಾವಿರದ ಇನ್ನೂರು. ಎರಡು ರಾತ್ರಿಯ ಬಾಡಿಗೆ ಮೂರು ಸಾವಿರ. ಏಳುಸಾವಿರದ ಐನೂರರವರೆಗಿನ ಕೋಣೆಗೆ ೨೦೨೫ರ ಸೆಪ್ಟೆಂಬರ್ ೨೨ರಿಂದ ಗೊತ್ತಾದ ಶೇಕಡ ೫ರ ತೆರಿಗೆ ನೂರೈವತ್ತು. ಒಟ್ಟು ೪,೩೫೦ ರೂಪಾಯಿ. ಕಾಲುವೆಯ ದಂಡೆಯ ಕೋಣೆಗೆ ಎರಡು ರಾತ್ರಿಗೆ ನಾಲ್ಕು ಸಾವಿರ, ತೆರಿಗೆ ಇನ್ನೂರು, ಆಟೋ ಸೊನ್ನೆ. ಒಟ್ಟು ೪,೨೦೦. ಅಗ್ಗದ ಕೋಣೆಯು ನೂರೈವತ್ತು ರೂಪಾಯಿ ದುಬಾರಿಯಾಗಿತ್ತು! ಮೂವತ್ತು ವರ್ಷ ಮಕ್ಕಳಿಗೆ ಗಣಿತವನ್ನು ಕಲಿಸಿದ ಮೇಷ್ಟರು ಈ ಲೆಕ್ಕವನ್ನು ಎರಡು ಸಲ ಕೂಡಿ, ಸುಮ್ಮನಾದರು.

ಒಂದು ತೊಡಕು ಉಳಿದಿತ್ತು. ರಾತ್ರಿಯ ಬಸ್ಸು ನಸುಕಿನಲ್ಲಿ ತಲುಪುತ್ತದೆ. ಕೋಣೆ ಕೊಡುವುದು ಮಧ್ಯಾಹ್ನ ಹನ್ನೆರಡಕ್ಕೆ. ಈ ಆರು ಗಂಟೆಗಳ ಮಾತು ಬಾಡಿಗೆಯ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಎಳೆಯರು ಗಂಟನ್ನು ಅಲ್ಲಿಟ್ಟು ಊರು ಸುತ್ತಬಹುದು. ರಾತ್ರಿಯೆಲ್ಲ ಕುಳಿತು ಬಂದ ಮುದುಕಿ ಎಲ್ಲಿ ಒರಗಬೇಕು? ಬೆಂಗಳೂರಿನ ಭಾವಮೈದುನ ಮೊಬೈಲಿನ ಪರದೆಯನ್ನು ಎಷ್ಟು ಒತ್ತಿದರೂ ಅದು ಹನ್ನೆರಡೆಂದೇ ಹೇಳಿತು. ಆಗ ಮೇಷ್ಟರೇ ಆ ಮನೆಗೆ ದೂರವಾಣಿ ಮಾಡಿದರು. ಅವರ ತಂದೆ ಕೊಯಮತ್ತೂರಿನ ಕಾಲದವರು; ತಮಿಳು ಈ ಮನೆಗೆ ಹಳೆಯ ನೆಂಟ. ವಯಸ್ಸಾದ ತಾಯಿ ಮೊದಲ ಸಲ ಕಡಲನ್ನು ನೋಡಲು ಬರುತ್ತಿದ್ದಾರೆಂದು ಅವರು ತಮಿಳಿನಲ್ಲಿ ಹೇಳಿದರು. ಆ ಕಡೆಯಿಂದ ಒಂದು ಹೆಣ್ಣುಧ್ವನಿ, ಭಾನುವಾರದವರು ಸಂಜೆಯೇ ಬಿಡುತ್ತಾರೆ, ಬೆಳಗಿನ ಆರಕ್ಕೇ ಬನ್ನಿ, ಹೆಚ್ಚಿಗೆ ಏನೂ ಕೊಡಬೇಕಿಲ್ಲ ಎಂದಿತು. ಪರದೆಗೆ ಸಿಕ್ಕದ ರಿಯಾಯಿತಿ ಮಾತಿಗೆ ಸಿಕ್ಕಿತು.

ಪ್ರಯಾಣ ನಡೆಯಿತು. ಬಸ್ಸುಗಳಿಗೆ ಸುಮಾರು ಐದು ಸಾವಿರದ ಇನ್ನೂರು, ಕೋಣೆಗೆ ನಾಲ್ಕು ಸಾವಿರದ ಇನ್ನೂರು, ಊಟ ತಿಂಡಿಗೆ ಮೂರು ಸಾವಿರ. ಮಗಳು ಬೀದಿಯ ಫಲಕಗಳನ್ನು ಗಟ್ಟಿಯಾಗಿ ಓದುತ್ತ ನಡೆದಳು. ಮೊದಲ ದಿನ ಎಲ್ಲರೂ ಕೂಡಿ ಕಡಲಿನ ಬೀದಿಗೆ ಹೋದರು. ಸಂಜೆಯಿಂದ ಬೆಳಗಿನವರೆಗೆ ಅಲ್ಲಿ ವಾಹನಗಳಿಗೆ ಪ್ರವೇಶವಿಲ್ಲ; ನಡೆಯುವವರದೇ ರಾಜ್ಯ. ದಡದ ಬಹುಭಾಗ ಕರಿಯ ಬಂಡೆಗಳು. ಗಾಂಧೀಜಿಯ ಪ್ರತಿಮೆಯ ಬಳಿ ಅಜ್ಜಿ ಬಹಳ ಹೊತ್ತು ನಿಂತಿದ್ದರು. ಮಾತೇನೂ ಆಡಲಿಲ್ಲ. “ಅಜ್ಜಿ, ಹೇಗಿದೆ?” ಎಂದು ಮೊಮ್ಮಗಳು ಮೂರು ಸಲ ಕೇಳಿದಳು. “ಚೆಂದಾಗದೆ” ಎಂದಷ್ಟೇ ಉತ್ತರ. ಸೊಸೆಗೆ ಸ್ವಲ್ಪ ನಿರಾಸೆಯಾಯಿತು.

ಮರುದಿನ ಬೆಳಿಗ್ಗೆ ಸೊಸೆಗೆ ಎಚ್ಚರವಾದಾಗ ಅಜ್ಜಿಯ ಹಾಸಿಗೆ ಬರಿದಾಗಿತ್ತು. ಚಪ್ಪಲಿಯೂ ಇಲ್ಲ, ಊರುಗೋಲೂ ಇಲ್ಲ. ಮನೆಯೊಡತಿ ನಗುತ್ತ ಪೂರ್ವದ ಕಡೆ ಕೈ ತೋರಿಸಿದರು. ಸೊಸೆ ತಲೆ ಬಾಚಿಕೊಳ್ಳದೆ ಓಡಿದರು. ಬೀದಿ ನೇರವಾಗಿತ್ತು, ದಾರಿ ತಪ್ಪುವ ಭಯವಿರಲಿಲ್ಲ. ಅದರ ತುದಿಯಲ್ಲಿ, ಕಡಲ ದಂಡೆಯ ಕಟ್ಟೆಯ ಮೇಲೆ, ಅಜ್ಜಿ ಸೆರಗು ಹೊದ್ದು ಕುಳಿತಿದ್ದರು. ಪಕ್ಕದಲ್ಲಿ ಹೂ ಮಾರುವ ತಮಿಳು ಹೆಂಗಸು. ಇಬ್ಬರೂ ಮಲ್ಲಿಗೆ ಕಟ್ಟುತ್ತಿದ್ದರು. ಸೂರ್ಯ ಆಗ ತಾನೇ ನೀರಿನಿಂದ ಮೇಲೆದ್ದಿದ್ದ.

“ಎಬ್ಬಿಸಬಾರದಾಗಿತ್ತಾ, ಅತ್ತೆ?”

“ನಿದ್ದೆ ಕೆಡಿಸೋದ್ಯಾಕೆ ಅಂತ ಬಂದೆ ಕಣವ್ವ. ಇಲ್ಲೇ ಅಲ್ವಾ ಅದೆ. ನಿಮ್ಮಾವ ಇದನ್ನೇ ಹೇಳ್ತಿದ್ದರು, ಅವರೂ ಕಂಡಿರಲಿಲ್ಲ. ಒಂದಷ್ಟು ಹೊತ್ತು ನಾನೊಬ್ಳೇ ನೋಡಾಣ ಅನ್ನಿಸ್ತು.”

ಸೊಸೆ ಕಟ್ಟೆಯ ಮೇಲೆ ಪಕ್ಕದಲ್ಲಿ ಕುಳಿತರು. ಯಾರನ್ನೂ ಕೇಳದೆ, ಯಾರಿಗೂ ಹೊರೆಯಾಗದೆ, ತನ್ನ ಕಾಲಿನಿಂದಲೇ ನಡೆದು ಹೋಗಿ ತನ್ನ ಪಾಡಿಗೆ ಕುಳಿತುಕೊಳ್ಳುವ ಸ್ವಾತಂತ್ರ್ಯವು ಆಕೆಯ ವಯಸ್ಸಿನವರಿಗೆ ಎಷ್ಟು ಅಪರೂಪ! ಬಸ್ ನಿಲ್ದಾಣದ ಬಳಿಯ ಕೋಣೆಯಲ್ಲಿ ಅದು ಯಾವ ಬೆಲೆಗೂ ದೊರೆಯುತ್ತಿರಲಿಲ್ಲ. ಅಲ್ಲಿ ಮಗನನ್ನು ಎಬ್ಬಿಸಬೇಕಾಗಿತ್ತು. ಮಗನನ್ನು ಎಬ್ಬಿಸುವುದಕ್ಕಿಂತ ಸಮುದ್ರವನ್ನು ಬಿಡುವುದೇ ಮೇಲೆಂದು ಅಜ್ಜಿ ಮತ್ತೆ ಕಣ್ಣು ಮುಚ್ಚುತ್ತಿದ್ದರು. ಅರ್ಧ ಶತಮಾನ ಆಕೆ ಮಾಡಿದ್ದೂ ಅದನ್ನೇ.

ಮಿತವ್ಯಯದ ಸಂಸಾರಗಳು ಕೋಣೆಯನ್ನು ಹುಡುಕುವಾಗ ಎಷ್ಟು ಎಂದು ಮೊದಲು ಕೇಳುತ್ತವೆ. ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ಆ ಪ್ರಶ್ನೆಗೆ ಮೊದಲು ಯಾರಿಗಾಗಿ ಎಂದು ಒಮ್ಮೆ ಕೇಳಿಕೊಂಡರೆ, ಅದೇ ಹಣಕ್ಕೆ ಬೇರೆಯ ಕೋಣೆ ಕಾಣಿಸುತ್ತದೆ.

ಕೊಳ್ಳೇಗಾಲಕ್ಕೆ ಮರಳಿದ ಮೇಲೆ ಸೊಸೆ ಲೆಕ್ಕವನ್ನು ಮುಗಿಸಿದರು. ಹೂವು, ಕಾಫಿ, ನೋವಿನ ಎಣ್ಣೆ ಎಲ್ಲ ಕಳೆದು ಸಾವಿರದ ನೂರ ನಲವತ್ತು ರೂಪಾಯಿ ಉಳಿದಿತ್ತು. ಪುಟ ತಿರುವಿ ‘ಮುಂದಿನ ವರ್ಷ: ಗೋಕರ್ಣ’ ಎಂದು ಬರೆದು ಆ ಮೊತ್ತವನ್ನು ಎದುರಿಗೆ ನಮೂದಿಸಿದರು. ಅಜ್ಜಿ ಬಂದು ತಮ್ಮ ಸೊಂಟದ ಚೀಲದಿಂದ ಮಡಿಸಿದ ಐನೂರರ ಒಂದು ನೋಟನ್ನು ತೆಗೆದು ಪುಸ್ತಕದ ಮೇಲಿಟ್ಟು, “ಇದನ್ನೂ ಬರಕೊ” ಎಂದರು.