ಇಲಿ ಓಡುತ್ತದೆ, ಹುಡುಗ ಎಡವುತ್ತಾನೆ

ಮಳವಳ್ಳಿ: ನಾಲ್ಕೈದು ವರ್ಷದ ಹುಡುಗನ ಮೀನಖಂಡ ದಪ್ಪಗಿದ್ದರೆ ಅಜ್ಜಿಗೆ ಹೆಮ್ಮೆ. 'ಪೈಲ್ವಾನ್ ಆಯ್ತಾನೆ ಬುಡಿ.' ಆದರೆ ಅದೇ ಹುಡುಗ ನೆಲದಿಂದ ಏಳುವಾಗ ಮೊಣಕಾಲಿಗೆ, ಆಮೇಲೆ ತೊಡೆಗೆ ಕೈ ಊರಿ, ತನ್ನ ಮೈಯನ್ನೇ ಹತ್ತಿಕೊಂಡು ನಿಂತರೆ? ಗೋವರ್ಸ್ ಎಂಬ ವೈದ್ಯ 1879ರಲ್ಲೇ ಇದನ್ನು ಬರೆದಿಟ್ಟ. ಡುಶೆನ್ ಸ್ನಾಯುಕ್ಷಯದಲ್ಲಿ ಕಾಣುವ ಗುರುತು. ಆ ದಪ್ಪದಲ್ಲಿ ಬಲವಿಲ್ಲ. ಸ್ನಾಯು ನಶಿಸಿದ ಜಾಗಕ್ಕೆ ಕೊಬ್ಬು, ನಾರು ಸೇರಿಕೊಂಡಿರುತ್ತವೆ.

ಈ ಹುಡುಗರಲ್ಲಿ ಇಲ್ಲದಿರುವುದು ಡಿಸ್ಟ್ರೋಫಿನ್ ಎಂಬ ಒಂದು ಪ್ರೋಟೀನು. ಅದರ ಒಂದು ತುದಿ ಜೀವಕೋಶದೊಳಗಿನ ಆಕ್ಟಿನ್ ಎಳೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ಪೊರೆಯನ್ನು. ನೊಗಕ್ಕೂ ಮೂಕಿಗೂ ಬಿಗಿದ ಹಗ್ಗದ ಕೆಲಸ. ಹಗ್ಗವಿಲ್ಲದೆ ಸ್ನಾಯು ಎಳೆದಾಗಲೆಲ್ಲ ಪೊರೆ ಹರಿಯುತ್ತದೆ. ಇದರ ವಂಶವಾಹಿಯಲ್ಲಿ 79 ತುಣುಕುಗಳು, 20 ಲಕ್ಷಕ್ಕೂ ಮೀರಿದ ಅಕ್ಷರಗಳು. ಇಷ್ಟು ಉದ್ದವಿದ್ದರೆ ತಪ್ಪು ನುಸುಳಲು ಜಾಗ ಬೇಕಾದಷ್ಟು.

ಮದ್ದೂರು: ನೆಂಟರು ಹೇಳುವುದು, 'ಸಂಬಂಧದಲ್ಲೇ ಕೊಟ್ಟು ತಂದಿದ್ದಕ್ಕೆ ಹಿಂಗಾಯ್ತು.' ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವುದು ರೂಢಿಯಲ್ಲಿರುವ ಸೀಮೆ ಇದು, ಆದ್ದರಿಂದ ಈ ಮಾತು ಬೇಗ ಬರುತ್ತದೆ. ಡುಶೆನ್ ವಿಚಾರದಲ್ಲಿ ಇದು ಸಲ್ಲದ ಆರೋಪ. ಈ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಗುವಿಗೆ ಆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ತಂದೆ ಸೋದರಮಾವನಾದರೇನು, ಪರಊರಿನವನಾದರೇನು. ಹಾಗೆಂದು ಸೊಸೆಯನ್ನು ಹಳಿಯುವಂತೆಯೂ ಇಲ್ಲ. ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ತಪ್ಪು ಹೊಸದಾಗಿ ಹುಟ್ಟಿಕೊಂಡದ್ದು, ತಾಯಿಯ ರಕ್ತದಲ್ಲೂ ಕಾಣದು. ಆದರೆ ನೋಡಲು ಹೀಗೇ ಇರುವ ಬೇರೆ ಕೆಲವು ಸ್ನಾಯುಕ್ಷಯಗಳು ರಕ್ತಸಂಬಂಧದ ಮದುವೆಯಲ್ಲಿ ಹೆಚ್ಚುವುದು ನಿಜ. ಯಾವುದು ಯಾವುದೆಂದು ಹೇಳುವುದು ಜೀನ್ ಪರೀಕ್ಷೆ, ನೆಂಟರ ಮಾತಲ್ಲ.

ಮಂಡ್ಯ: ಈ ಕಾಯಿಲೆಯಲ್ಲಿ ಬಿಡಿಸಲಾಗದೆ ಕುಳಿತದ್ದು ಪ್ರಯೋಗಾಲಯದ ಇಲಿಯ ಲೆಕ್ಕ. 1984ರಲ್ಲಿ ವರದಿಯಾದ 'ಎಂಡಿಎಕ್ಸ್' ಇಲಿಯಲ್ಲೂ ಡಿಸ್ಟ್ರೋಫಿನ್ ಇಲ್ಲ. 23ನೇ ತುಣುಕಿನಲ್ಲಿ ಒಂದೇ ಅಕ್ಷರ ಬದಲಾಗಿ ಪ್ರೋಟೀನು ನಡುವೆಯೇ ನಿಲ್ಲುತ್ತದೆ. ಆದರೂ ಅದು ಓಡಾಡುತ್ತದೆ, ಮರಿ ಹಾಕುತ್ತದೆ, ಎರಡು ವರ್ಷದ ಹತ್ತಿರ ಬದುಕುತ್ತದೆ. ನಮ್ಮ ಹುಡುಗರೋ ಹನ್ನೆರಡರ ಹೊತ್ತಿಗೆ ಗಾಲಿಕುರ್ಚಿಗೆ ಬರುತ್ತಾರೆ. ಯಾಕಿಷ್ಟು ಅಂತರ?

ಉತ್ತರದ ಒಂದು ಪಾಲು ಯುಟ್ರೋಫಿನ್, ಡಿಸ್ಟ್ರೋಫಿನ್‌ನ ದಾಯಾದಿ. ಅದೂ ಆಕ್ಟಿನ್ ಹಿಡಿಯುತ್ತದೆ. 1997ರಲ್ಲಿ ಇವೆರಡೂ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು: ಬೆನ್ನು ಬಾಗಿ, ಕೆಲವೇ ತಿಂಗಳಲ್ಲಿ ಸತ್ತವು. ಅದಕ್ಕೂ ಹಿಂದಿನ ವರ್ಷ, ಯುಟ್ರೋಫಿನ್ ಹೆಚ್ಚಿಸಿದ ಎಂಡಿಎಕ್ಸ್ ಇಲಿಗಳ ಸ್ನಾಯು ಚೇತರಿಸಿದ್ದನ್ನು ಆಕ್ಸ್‌ಫರ್ಡಿನ ತಂಡ ತೋರಿಸಿತ್ತು. ಅದೇ ದಾರಿ ಹಿಡಿದ ಎಜುಟ್ರೊಮಿಡ್ ಎಂಬ ಔಷಧಿ 2018ರಲ್ಲಿ ಮಕ್ಕಳ ಮೇಲಿನ ಪ್ರಯೋಗದಲ್ಲಿ ಸೋತಿತು. ಇದನ್ನು ಓದಿದಾಗ ಮನಸ್ಸು ಕುಸಿಯಿತು. ಇಲಿಯ ವಪೆ (ಉಸಿರಾಟದ ಸ್ನಾಯು) ಮಾತ್ರ ನಮ್ಮದರಂತೆಯೇ ಹಾಳಾಗುತ್ತದೆ ಎಂಬುದೂ ಬಿಡಿಸಬೇಕಾದ ಗಂಟೇ.

ಮಂಡ್ಯ, ಮದ್ದೂರು, ಮಳವಳ್ಳಿಯ ತಾಯಂದಿರೇ, ಅಂಗನವಾಡಿ ಅಕ್ಕಂದಿರೇ: ಗಂಡುಮಗು ಪದೇಪದೇ ಬೀಳುತ್ತಿದ್ದರೆ, ಮೆಟ್ಟಿಲು ಹತ್ತಲು ತಿಣುಕಿದರೆ, ತೊಡೆಗೆ ಕೈ ಊರಿ ಎದ್ದರೆ, ರಕ್ತದಲ್ಲಿ ಸಿಕೆ (ಕ್ರಿಯಾಟಿನ್ ಕೈನೇಸ್) ಪರೀಕ್ಷೆ ಮಾಡಿಸಿ. ಅದು ಹೆಚ್ಚಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ವೈದ್ಯರಿಗೆ ತೋರಿಸಿ. ಕಾಯಿಲೆ ವಾಸಿಯಾಗದಿದ್ದರೂ, ಹೊತ್ತಿಗೆ ಸರಿಯಾಗಿ ಶುರುಮಾಡಿದ ಸ್ಟೀರಾಯ್ಡ್ ನಡೆಯುವ ವರ್ಷಗಳನ್ನು ಹೆಚ್ಚಿಸುತ್ತದೆ. ತಾಯಿಗೂ ಅಕ್ಕತಂಗಿಯರಿಗೂ ಜೀನ್ ಪರೀಕ್ಷೆಯಾಗಲಿ.