ಉಂಗುರದ ಜೊತೆ ಬಂದ ಕಾರ್ಡ್

ನನ್ನ ನಿಖಾಹ್‌ಗೆ ವಜ್ರದ ಉಂಗುರ ತೆಗೆದದ್ದು ಉಮ್ಮನ ಅಲಿಕತ್ತ್ ಕೊಟ್ಟು. “ಈಗ ಯಾರು ಅಲಿಕತ್ತ್ ಹಾಕ್ತಾರೆ?” ಅಂತ ಹಟ ಮಾಡಿದವಳು ನಾನೇ. ಉಂಗುರದ ಜೊತೆ ಲ್ಯಾಮಿನೇಟ್ ಮಾಡಿದ ಕಾರ್ಡ್ ಬಂತು: ಅರ್ಧ ಕ್ಯಾರೆಟ್, ಬಣ್ಣ ಜಿ. ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟಿದ್ದೆ.

ಹೋದ ವರ್ಷ ಮಗನ ಕಾಲೇಜು ಫೀಸಿಗೆಂದು ಮಾರಲು ಹೊರಟೆ. ಅಂಗಡಿಯವರು ಭೂತಗನ್ನಡಿಯಲ್ಲಿ ನೋಡಿ, “ಕಾರ್ಡಿನಲ್ಲಿ ಜಿ ಅಂತ ಉಂಟು ಅಕ್ಕ. ನಾನಾದರೆ ಜೆ ಅಂತ ಹೇಳಲಿಕ್ಕೂ ಯೋಚಿಸಬೇಕು” ಅಂದರು. ಅವರು ಹೇಳಿದ ಬೆಲೆ ಬಿಲ್ಲಿನ ಮೂರರಲ್ಲೊಂದು ಪಾಲೂ ಇರಲಿಲ್ಲ.

ಆಮೇಲೆ ಕೇಳಿ ತಿಳಿದದ್ದು. ವಜ್ರದ ಬಣ್ಣಕ್ಕೆ ಡಿಯಿಂದ ಜೆಡ್‌ವರೆಗೆ ದರ್ಜೆ. ಡಿ ಅಂದರೆ ಬಣ್ಣವೇ ಇಲ್ಲದ್ದು, ಕೆಳಗಿಳಿದಂತೆ ಹಳದಿ. ಈ ಅಳತೆ ಮಾಡಿದ್ದು ಅಮೆರಿಕದ ಜಿಐಎ. ಆದರೆ ಅದೇ ಅಕ್ಷರವನ್ನು ಯಾವ ಲ್ಯಾಬ್ ಬೇಕಾದರೂ ಬರೆಯಬಹುದು, ಒಬ್ಬರು ಬಿಗಿ, ಇನ್ನೊಬ್ಬರು ಸಡಿಲ. 2014ರಲ್ಲಿ ವ್ಯಾಪಾರಿಗಳ ರ‍್ಯಾಪ್‌ನೆಟ್ ಜಾಲ ಇಜಿಎಲ್ ಹೆಸರಿನ ವರದಿಗಳನ್ನು ತನ್ನ ಪಟ್ಟಿಯಿಂದಲೇ ತೆಗೆದುಹಾಕಿತ್ತು. ವ್ಯಾಪಾರಿಗಳೇ ನಂಬದ ಕಾಗದವನ್ನು ನಾವು ಕಪಾಟಿನಲ್ಲಿಟ್ಟು ಬೀಗ ಹಾಕುವುದು! ಇನ್ನು ನನ್ನ ಕಾರ್ಡ್ ಕಲ್ಲನ್ನು ಉಂಗುರಕ್ಕೆ ಕೂರಿಸಿದ ಮೇಲೆ ಮಾಡಿದ್ದು. ಹಾಗೆ ಕೂತ ಕಲ್ಲನ್ನು ತೂಗಲಿಕ್ಕೆ ಆಗುವುದಿಲ್ಲ, ಅಳತೆ ನೋಡಿ ಅಂದಾಜು ಹಾಕುವುದು. ಹಳದಿ ಚಿನ್ನದ ನೆರಳು ಬಿದ್ದರೆ ಬಣ್ಣವೂ ಸರಿಯಾಗಿ ಕಾಣುವುದಿಲ್ಲ.

ಹಾಲ್‌ಮಾರ್ಕ್ ಉಂಟಲ್ಲ ಅಂತ ನಮ್ಮವರು ಹೇಳುತ್ತಾರೆ. ಆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಚಿನ್ನಕ್ಕೆ, ಕಲ್ಲಿಗೆ ಅಲ್ಲ.

ಮೊನ್ನೆ ತಂಗಿಯ ಮಗಳ ಮದುವೆಗೆ ಒಡವೆ ತೆಗೆಯಲು ಮಂಗಳೂರಿಗೆ ಹೋದಾಗ ನಾನೂ ಜೊತೆಗಿದ್ದೆ. ಬಿಡಿ ಕಲ್ಲು ತೋರಿಸಿ ಅಂದೆ. ಕಲ್ಲಿನ ಅಂಚಿನಲ್ಲಿ ಲೇಸರಿನಿಂದ ಕೊರೆದ ನಂಬರು ಓದಿ, ಲ್ಯಾಬಿನ ವೆಬ್‌ಸೈಟಿನಲ್ಲಿ ಹಾಕಿ, ತೂಕ-ಅಳತೆ ತಾಳೆ ನೋಡಿದೆ. ನಂಬರನ್ನೂ ನಕಲಿ ಮಾಡುವವರಿದ್ದಾರೆ, ಹಾಗಾಗಿ ಕೂರಿಸುವ ಮೊದಲು ಬೇರೆ ಕಡೆ ತೋರಿಸುತ್ತೇವೆ ಅಂದೆ. ವಾಪಸು ಕೊಂಡರೆ ಎಷ್ಟು ಕೊಡುತ್ತೀರಿ ಅಂತ ಬಿಲ್ಲಿನಲ್ಲೇ ಬರೆಸಲು ಕೇಳಿದಾಗ ಸೇಲ್ಸ್‌ಮನ್ ಮ್ಯಾನೇಜರನ್ನು ಕರೆಯಲು ಹೋದ.

“ಇಷ್ಟೆಲ್ಲ ಯಾಕೆ, ಕಾರ್ಡ್ ಉಂಟಲ್ಲ?” ಅಂದಳು ತಂಗಿ. ನಾನು ಬೆರಳಿನ ಉಂಗುರ ತೋರಿಸಿದೆ. ಅದನ್ನು ಮಾರಲಿಲ್ಲ. ಫೀಸು ಕಟ್ಟಿದ್ದು ಉಮ್ಮನ ಎರಡು ಹಳೇ ಬಳೆ ತೂಗಿಸಿ.