ಗೂಡಿನ್ಯಾಗಿನ ಗ್ಲಾಸು (ಓದಿದ್ದು, ಕಂಡದ್ದು – 7)

ಈ ಫೋಟೋದಾಗ ಇರೋದು ಬರೀ ಒಂದು ಸ್ಟೀಲ್ ಗ್ಲಾಸು. ಫಿಲ್ಟರ್ ಹಾಕಿಲ್ಲ. ನಾ ಸಣ್ಣಾಕಿ ಇದ್ದಾಗಿಂದ ಇದು ನಮ್ಮ ದನದ ಶೆಡ್ಡಿನ ಗೋಡಿ ಗೂಡಿನ್ಯಾಗ ಇರ್ತಿತ್ತು. ಕಬ್ಬು ಕಡಿಯಾಕ ಬಂದವ್ರು, ಸೆಗಣಿ ತೆಗೆಯೋ ಕಾಕಾ ಇದರಾಗ ಚಾ ಕುಡಿದು, ತಾವೇ ತೊಳೆದು, ಅಲ್ಲೇ ಬೋರಲ ಇಡ್ತಿದ್ರು. ಇದು ಅಡಗಿಮನಿಯಾಗ ಯಾಕಿಲ್ಲ ಅಂತ ಇಪ್ಪತ್ತು ವರ್ಷದಾಗ ನಾ ಒಮ್ಮೆನೂ ಕೇಳಿರಲಿಲ್ಲ.

ಹೋದ ಸೆಮಿಸ್ಟರ್ ಕನ್ನಡ ಕ್ಲಾಸಿನ್ಯಾಗ ಮೇಡಂ ‘ಚೋಮನ ದುಡಿ’ ಬಗ್ಗೆ ಹೇಳಿದ್ರು. ಶಿವರಾಮ ಕಾರಂತರು 1933ರಾಗ ಬರೆದ ಕಾದಂಬರಿ. ಲೈಬ್ರರಿಯಿಂದ ತಂದು ಎರಡು ರಾತ್ರಿಯೊಳಗ ಮುಗಿಸಿದೆ. ಚೋಮನ ಹತ್ರ ಜೋಡೆತ್ತು ಅದಾವ, ದುಡಿಯೋ ಕೈ ಅದಾವ, ಆದ್ರ ಹೊಲ ಇಲ್ಲ. ಹೊಲೆಯ ಬೇಸಾಯ ಮಾಡಬಾರದು ಅನ್ನೋ ಕಟ್ಟಳೆ. ಅವನ ಮಗ ನೀರಾಗ ಮುಳುಗೋವಾಗ ದಂಡಿ ಮ್ಯಾಲೆ ಮಂದಿ ಇದ್ದರೂ, ಮುಟ್ಟಿದ್ರ ಮೈಲಿಗಿ ಅಂತ ಹುಡುಗ ಸಾಯ್ತಾನ. ನಮ್ಮ ಅಂಕಲಿನೂ ಕೃಷ್ಣಾ ದಂಡಿ ಮ್ಯಾಲಿನ ಊರು. ಹೊಳಿಯೊಳಗ ಒಬ್ಬ ಮುಳುಗಾಕತ್ತಾನ ಅಂದ್ರ ಏನಂತ ನಮಗ ಗೊತ್ತು. ಬಹಳ ಅತ್ತೆ. ಸ್ಟೋರಿನೂ ಹಾಕಿದ್ದೆ, ನಿಮ್ಮೊಳಗ ಭಾಳ ಮಂದಿ ಹಾರ್ಟ್ ಒತ್ತಿದ್ರಿ.

ಅದಾಗಿ ಹದಿನೈದು ದಿನಕ್ಕ ನನ್ನ ಗೆಳತಿ ಮನಿಗೆ ಬಂದ್ಲು. ಕಾಸ್ಟ್ ಅಕೌಂಟಿಂಗ್ ಆಕಿಗೆ ಚೊಲೋ ಬರತೈತಿ, ನನಗ ಬರೂದಿಲ್ಲ. ಪಡಸಾಲಿಯಾಗ ಕುಂತು ಲೆಕ್ಕ ಬಿಡಿಸ್ತಿದ್ವಿ. ಆಯಿ ಬಂದು ಪ್ರೀತಿಯಿಂದನ ಕೇಳಿದ್ಲು, “ಯಾವ ಓಣಿ ಬಾಳಾ ನಿಮ್ದು?” ಆಕಿ ಓಣಿ ಹೆಸರು ಹೇಳಿದ್ಲು. ಹಳ್ಳಿಯೊಳಗ ಓಣಿ ಹೇಳಿದ್ರ ಮುಗೀತು, ಜಾತಿ ಬ್ಯಾರೆ ಕೇಳಬೇಕಾಗಿಲ್ಲ.

ಚಾ ಬಂತು. ನನಗ ಕಪ್ ಬಶಿ. ಆಕಿಗೆ ಗೂಡಿನ್ಯಾಗಿನ ಗ್ಲಾಸು.

ನಾ ನೋಡಿದೆ. ಆಕಿನೂ ನೋಡಿದ್ಲು. ನಾ ಏನೂ ಅನ್ನಲಿಲ್ಲ, ಪುಸ್ತಕದ ಹಾಳಿ ತಿರುವಿದೆ. ಆಕಿ ಸುಮ್ಮನ ಕುಡಿದು, ಎದ್ದು ಹಿತ್ತಲ ನಳಕ್ಕ ಹೋಗಿ ಗ್ಲಾಸು ತೊಳೆದು ಕಟ್ಟಿ ಮ್ಯಾಲೆ ಬೋರಲ ಇಟ್ಟು ಬಂದ್ಲು. ತೊಳಿ ಅಂತ ಆಕಿಗೆ ಯಾರೂ ಹೇಳಿರಲಿಲ್ಲ. ಹೇಳೋದು ಬೇಕಾಗಿರಲಿಲ್ಲ, ಅದ ನನಗ ಇವತ್ತಿಗೂ ಚುಚ್ಚತೈತಿ. ಮರುದಿನದಿಂದ “ಲೈಬ್ರರಿಯಾಗನ ಓದೂಣು” ಅಂದ್ಲು.

ನಮ್ಮ ಆಯಿ ಕೆಟ್ಟಾಕಿ ಅಲ್ಲ. ಪ್ರತಿ ವರ್ಷ ಆಷಾಢದ ವಾರಿಗೆ ಜ್ಞಾನೇಶ್ವರ ಮಹಾರಾಜರ ಪಾಲಖಿ ಜೋಡಿ ನಡಿಯೋ ಕುದುರಿ ನಮ್ಮೂರ ಶಿತೋಳೆ ಸರ್ಕಾರರ ವಾಡೇದಿಂದನ ಆಳಂದಿಗೆ ಹೋಗತಾವಲ್ಲ, ಆಯಿ ಆ ಕುದುರಿ ಕಾಲು ಮುಟ್ಟಿ ನಮಸ್ಕಾರ ಮಾಡ್ತಾಳ. ಭಜನಿಯೊಳಗ ಚೋಖೋಬಾನ ಹೆಸರು ಬಂದ್ರ ಕಣ್ಣಾಗ ನೀರು ತರ್ತಾಳ. ಚೋಖಾಮೇಳನ ಸಮಾಧಿ ಪಂಢರಪುರದಾಗ ಗುಡಿ ಬಾಗಿಲ ಹೊರಗೈತಿ. ಅವನ ಮಂದಿಗೆ ಆ ಬಾಗಿಲು ತೆರೆದದ್ದು ಸಾನೆ ಗುರೂಜಿ ಉಪವಾಸ ಕುಂತ ಮ್ಯಾಲೆ, 1947ರಾಗ. ನಮಗ ಹತ್ತಿರದ ನಿಪ್ಪಾಣಿಗೆ ಅಂಬೇಡ್ಕರ್ 1925ರಾಗನ ಬಂದು ಪರಿಷತ್ತಿನ್ಯಾಗ ಮಾತಾಡಿ ಹೋಗ್ಯಾರ. ಇಷ್ಟೆಲ್ಲ ಆಗಿ ನಮ್ಮನಿ ಗ್ಲಾಸು ಮಾತ್ರ ಗೂಡು ಬಿಟ್ಟು ಕದಲಿರಲಿಲ್ಲ.

ಆವತ್ತ ರಾತ್ರಿ ಮತ್ತ ‘ಚೋಮನ ದುಡಿ’ ತೆಗೆದೆ. ಮೊದಲ ಸಲ ಓದೋವಾಗ ನಾ ಚೋಮನ ಬಾಜೂಕ ನಿಂತೀನಿ ಅನಿಸಿತ್ತು. ಈ ಸಲ ಒಡೆಯ ಸಂಕಪ್ಪಯ್ಯ ಕಣ್ಣಿಗೆ ಬಿದ್ದ. ಅವನ ಮನಸ್ಸು ಕರಗತೈತಿ, ಚೋಮನಿಗೆ ಗದ್ದಿ ಕೊಡಬೇಕು ಅನಸತೈತಿ. ಅವನ ತಾಯಿ ಬ್ಯಾಡ ಅಂತಾಳ. ಅಂವ ಸುಮ್ಮನಾಗ್ತಾನ. ಅಷ್ಟ. ಕೆಟ್ಟವನಲ್ಲ, ಬರೀ ಸುಮ್ಮನಾದವ. ಪುಸ್ತಕದಾಗ ನನ್ನ ಜಾಗ ಯಾವುದಂತ ಗೊತ್ತಾತು. ಬಿಕಾಂ ಭಾಷೆಯೊಳಗ ಹೇಳಬೇಕಂದ್ರ, ನನ್ನ ಕಣ್ಣೀರಿಗೆ ನನ್ನ ಕಡೆಯಿಂದ ಒಂದು ರೂಪಾಯಿನೂ ಖರ್ಚಾಗಿರಲಿಲ್ಲ.

ಒಂದು ವಾರ ತಡೆದು ಗೆಳತಿಗೆ ಸಾರಿ ಅಂದೆ. ಆಕಿ ಅಂದ್ಲು, “ಆವತ್ತ ನೀ ಏನರ ಅಂದಿದ್ರ ಎಲ್ಲಾರ ಮುಂದ ನನಗ ಇನ್ನೂ ಸಣ್ಣಾದಂಗ ಆಗತಿತ್ತು. ಆದ್ರೂ ನೀ ಅನ್ನಬೇಕಿತ್ತು.” ಎರಡೂ ಖರೇನ. ಆಮೇಲೆ ಬ್ಯಾಗಿನಿಂದ ಒಂದು ತೆಳ್ಳನ ಪುಸ್ತಕ ಕೊಟ್ಲು. ದೇವನೂರ ಮಹಾದೇವ ಬರೆದ ‘ಒಡಲಾಳ’. “ಚೋಮನ್ನ ನೋಡಿ ಅತ್ತದ್ದು ಸಾಕು, ಇದನ್ನ ಓದು.”

ಅದರಾಗ ಸಾಕವ್ವ ಕಳಕೊಂಡ ಹುಂಜಕ್ಕ ಊರೆಲ್ಲ ಹುಡುಕತಾಳ, ಬೈತಾಳ. ಸಾಹುಕಾರ ಎತ್ತಪ್ಪನ ಕಡೆಯಿಂದ ಕದ್ದು ತಂದ ಕಡ್ಲೆಕಾಯಿನ ಮನಿ ಮಂದಿಯೆಲ್ಲ ಬೆಂಕಿ ಸುತ್ತ ಕುಂತು ರಾತ್ರಿಯೆಲ್ಲ ತಿಂತಾರ. ಆಮೇಲೆ ಪೊಲೀಸರು ಹುಡುಕಾಕ ಬರ್ತಾರ. ಓದತಾ ನಾ ಅಳಲಿಲ್ಲ. ನಕ್ಕೆ, ಹಸಿವಾತು, ಪೊಲೀಸರು ಬಂದಾಗ ಹೆದರಿಕಿ ಆತು. ಅಯ್ಯೋ ಪಾಪ ಅನ್ನಾಕ ಅವರು ನನಗ ಜಾಗಾನ ಕೊಡಲಿಲ್ಲ. ಪಾಪ ಅನ್ನೋದು ಹೊರಗ ನಿಂತು ಮಾಡೋ ಕೆಲಸ. ಜೋಡಿ ಕುಂತು ತಿನ್ನೋದು ಬ್ಯಾರೆ. ನಮ್ಮನಿಯಾಗ ಕಷ್ಟ ಆಗಿರೋದು ಆ ಎರಡನೇದು.

ಕಡೀಕ ಗ್ಲಾಸನ್ನ ತಂದು ಅಡಗಿಮನಿ ಸ್ಟ್ಯಾಂಡಿನ್ಯಾಗ ಉಳಿದವುಗಳ ಜೋಡಿ ಇಟ್ಟೆ. ಆಯಿ ತಿರುಗಿ ಗೂಡಿಗೆ ಇಟ್ಲು. ನಾ ಮತ್ತ ತಂದೆ. ನಾಕು ದಿನ ಹಿಂಗ ನಡೀತು, ಯಾರೂ ಬಾಯಿ ಬಿಡಲಿಲ್ಲ. ಐದನೇ ದಿನ ಅದರಾಗನ ಚಾ ಹಾಕೊಂಡು ಆಯಿ ಮುಂದ ಕುಂತೆ.

“ಅದು ನಿಂದಲ್ಲ” ಅಂದ್ಲು.

“ಹಂಗಾದ್ರ ಯಾರದು, ಆಯಿ?”

ಆಯಿ ಉತ್ತರ ಕೊಡಲಿಲ್ಲ. ಗ್ಲಾಸು ಈಗ ಅಡಗಿಮನಿಯಾಗೈತಿ. ಗೆಳತಿ ಇನ್ನೂ ಮನಿಗೆ ಬಂದಿಲ್ಲ, ಬಾ ಅಂತ ಒತ್ತಾಯ ಮಾಡೋ ಹಕ್ಕು ನನಗಿಲ್ಲ. ಇದನ್ನ ಹಾಕೋದಕ್ಕಿಂತ ಮೊದಲ ಆಕಿಗೆ ಓದಿಸೀನಿ. “ನನ್ನ ಹೆಸರು ಬ್ಯಾಡ, ನಿಮ್ಮನಿ ಗ್ಲಾಸಿನ ಫೋಟೋ ಹಾಕು” ಅಂದ್ಲು.

ಹಾರ್ಟ್ ಒತ್ತೋದಕ್ಕಿಂತ ಮೊದಲ ಒಮ್ಮೆ ನಿಮ್ಮನಿ ಹಿತ್ತಲ, ಶೆಡ್ಡು, ಕಿಡಕಿ ಕಟ್ಟಿ ನೋಡಿ ಬರ್ರಿ. ಆ ಗ್ಲಾಸು ಎಲ್ಲೈತಿ?

#ಓದಿದ್ದುಕಂಡದ್ದು #ಚೋಮನದುಡಿ #ಒಡಲಾಳ #ಅಂಕಲಿ